ಬಾಲವಿಲ್ಲದ ಇಲಿಗೆ ಬಾಯಿಯಾದರೂ ಇರಲಿ

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆಯನ್ನು ನಾವೆಲ್ಲ ಬಲ್ಲೆವು. ಆದರೆ ಅಪಾಯ ಬಂತೆಂದು ಕೂಗಿ ಹೇಳಬೇಕಾದ ಕಾವಲುಗಾರನಿಗೆ ಬಾಯಿಯೇ ಇಲ್ಲದಿದ್ದರೆ, ಬಾಗಿಲು ಹಾಕುವವರನ್ನು ದೂರಿ ಏನು ಪ್ರಯೋಜನ? ಕಂಪ್ಯೂಟರಿನ ಪಕ್ಕದಲ್ಲಿ ಕುಳಿತಿರುವ ತಂತಿಯಿಲ್ಲದ ಮೌಸಿನ ಕುರಿತು ಇಂದು ನಾಲ್ಕು ಮಾತು ಬರೆಯಹೊರಟಿದ್ದೇವೆ. ಅಂಗೈಯಗಲದ ವಸ್ತುವಿಗೆ ಪತ್ರಿಕೆಯಲ್ಲಿ ಇಷ್ಟು ಜಾಗವೇ ಎಂದು ಹುಬ್ಬೇರಿಸುವ ವಾಚಕರು, ಗುಮ್ಮಳಾಪುರದ ಒಂದು ಮನೆಯಲ್ಲಿ ನಡೆದುದನ್ನು ಮೊದಲು ಕೇಳಬೇಕು.

ಗುಮ್ಮಳಾಪುರವೆಂದರೆ ತಮಿಳುನಾಡಿನ ಹೊಸೂರು ಸೀಮೆಯಲ್ಲಿ, ತಳಿಯ ಆಸುಪಾಸಿನಲ್ಲಿ, ಕರ್ನಾಟಕದ ಗಡಿಗೆ ತಾಗಿಕೊಂಡಂತಿರುವ ಊರು. ಬೇಟೆಯ ಕಥೆಗಳನ್ನು ಓದುವ ಹವ್ಯಾಸವಿದ್ದವರಿಗೆ ಈ ಹೆಸರು ಹೊಸದಲ್ಲ. ಕೆನೆತ್ ಆಂಡರ್ಸನ್ನರು 1954ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇಲ್ಲಿಯ ನರಭಕ್ಷಕ ಚಿರತೆಯ ಕಥೆಯೊಂದಿದೆ. ಆ ಸೀಮೆ ಮೊದಲು ಸೇಲಂ ಜಿಲ್ಲೆಗೆ ಸೇರಿತ್ತು, 1965ರಲ್ಲಿ ಧರ್ಮಪುರಿಯದಾಯಿತು, 2004ರಲ್ಲಿ ಕೃಷ್ಣಗಿರಿಯದಾಯಿತು. ಜಿಲ್ಲೆಯ ಹೆಸರು ಎರಡು ಬಾರಿ ಬದಲಾದರೂ ಅನೇಕ ಮನೆಗಳಲ್ಲಿ ಅಡುಗೆಮನೆಯ ಮಾತು ಕನ್ನಡವಾಗಿಯೇ ಉಳಿಯಿತು. 1956ರ ನವೆಂಬರ್ 1ನ್ನು ಕಂಡ ಕಾಸರಗೋಡಿನ ಕುಟುಂಬಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಲ್ಲಿ ನಮಗೊಬ್ಬರು ಹಳೆಯ ಸ್ನೇಹಿತರಿದ್ದಾರೆ. ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದವರು. ಗಡಿನಾಡ ಕನ್ನಡಿಗರ ಸಭೆಯೊಂದರಲ್ಲಿ ಆದ ಪರಿಚಯ. ಕೆಲವು ವರ್ಷಗಳ ಹಿಂದೆ ಅವರ ಮನೆಯಲ್ಲಿ ಎರಡು ದಿನ ತಂಗಿದ್ದೆವು. ಅವರ ಮೊಮ್ಮಗಳು ಕಾಲೇಜಿಗೆ ಹೋಗುವ ಹುಡುಗಿ. ವಿದ್ಯಾರ್ಥಿವೇತನದ ಅರ್ಜಿಯನ್ನು ಕಂಪ್ಯೂಟರಿನ ಮೂಲಕ ತುಂಬುವ ಕೊನೆಯ ದಿನ ಅಂದು ಆಗಿತ್ತು. ಹಗಲೆಲ್ಲ ವಿದ್ಯುತ್ತು ಬಂದು ಹೋಗುತ್ತಿದ್ದುದರಿಂದ ಹುಡುಗಿ ರಾತ್ರಿ ಹತ್ತು ಗಂಟೆಗೆ ಅಣ್ಣನ ಹಳೆಯ ಲ್ಯಾಪ್‌ಟಾಪಿನ ಮುಂದೆ ಕುಳಿತಳು. ಅದರ ಸ್ಪರ್ಶಫಲಕ ಕೆಟ್ಟು ವರ್ಷವಾಗಿತ್ತು; ಎಲ್ಲ ಕೆಲಸವೂ ಒಂದು ತಂತಿಯಿಲ್ಲದ ಮೌಸಿನಿಂದಲೇ. ಹೆಸರು, ವಿಳಾಸ, ಅಂಕಗಳೆಲ್ಲ ತುಂಬಿ, ಜಾತಿಪತ್ರದ ಪ್ರತಿಯನ್ನು ಲಗತ್ತಿಸುವ ಹೊತ್ತಿಗೆ ಪರದೆಯ ಮೇಲಿನ ಬಾಣ ನಿಂತಲ್ಲೇ ನಿಂತಿತು. ಮೌಸನ್ನು ಕುಟ್ಟಿ ನೋಡಿದ್ದಾಯಿತು, ಒರೆಸಿ ನೋಡಿದ್ದಾಯಿತು. ಸೆಲ್ ಮುಗಿದಿತ್ತು.

ಊರಿನ ಅಂಗಡಿ ಮುಚ್ಚಿ ಎರಡು ಗಂಟೆಯಾಗಿತ್ತು. ಟಿ.ವಿ.ಯ ರಿಮೋಟಿನ ಸೆಲ್ ತೆಗೆದು ನೋಡಿದರೆ ಅದು ಸಣ್ಣದು, ಹಿಡಿಯಲಿಲ್ಲ. ಕೊನೆಗೆ ಮೇಷ್ಟರು ಸ್ಟೂಲು ಹತ್ತಿ ಗೋಡೆಯ ಗಡಿಯಾರವನ್ನಿಳಿಸಿ ಅದರ ಸೆಲ್ ಕೊಟ್ಟರು. ಗಾತ್ರ ಸರಿಯಾಯಿತು, ಕೆಳಗಿನ ಕೆಂಪು ದೀಪ ಒಮ್ಮೆ ಮಿನುಗಿ ಆರಿತು. ಗಡಿಯಾರಕ್ಕೆ ಬೇಕಾದುದು ಅತ್ಯಲ್ಪ ವಿದ್ಯುತ್ತು, ಆದುದರಿಂದ ಸೊರಗಿದ ಸೆಲ್ಲಿನಲ್ಲೂ ಅದು ತಿಂಗಳುಗಟ್ಟಲೆ ನಡೆಯುತ್ತದೆ. ರೇಡಿಯೋ ಅಲೆ ಹೊರಡಿಸಬೇಕಾದ ಮೌಸಿಗೆ ಆ ಸೆಲ್ ಸಾಲದು. ಇದು ಆಗ ನಮಗಾರಿಗೂ ತಿಳಿದಿರಲಿಲ್ಲ. ಹನ್ನೆರಡು ಹೊಡೆಯಿತೆಂದು ಹೇಳಲು ಗಡಿಯಾರವೂ ಇರಲಿಲ್ಲ! ಆ ವರ್ಷದ ವಿದ್ಯಾರ್ಥಿವೇತನ ಹುಡುಗಿಗೆ ತಪ್ಪಿತು.

“ತಾತಾ, ಸಾಯೋಕ್ ಮುಂಚೆ ಇದು ಒಂದ್ ಮಾತ್ ಹೇಳ್ಬಾರ್ದಿತ್ತಾ?” ಎಂದು ಆ ಹುಡುಗಿ ಕೇಳಿದ್ದು ಮೇಷ್ಟರನ್ನೋ ನಮ್ಮನ್ನೋ ತಿಳಿಯದು. ಇಬ್ಬರಲ್ಲೂ ಉತ್ತರವಿರಲಿಲ್ಲ.

ಕೀಲಿಮಣೆಯ ಟ್ಯಾಬ್ ಗುಂಡಿಯನ್ನು ಒತ್ತುತ್ತ ಒಂದೊಂದೇ ಅಂಕಣಕ್ಕೆ ಸರಿದು, ಎಂಟರ್ ಮತ್ತು ಸ್ಪೇಸ್ ಗುಂಡಿಗಳಿಂದಲೇ ಇಂಥ ಅರ್ಜಿಗಳನ್ನು ಬಹುಮಟ್ಟಿಗೆ ಪೂರೈಸಬಹುದೆಂದು ಒಂದು ವಾರದ ಬಳಿಕ ಯಾರೋ ಹೇಳಿದರು. ಅಂದು ರಾತ್ರಿ ಅಲ್ಲಿದ್ದ ಹಿರಿಯರಿಬ್ಬರಿಗೂ ಅದು ಹೊಳೆಯಲಿಲ್ಲವೆಂಬ ನಾಚಿಕೆ ನಮಗಿನ್ನೂ ಇದೆ. ಈ ಲೇಖನದಿಂದ ಬೇರೇನೂ ನೆನಪುಳಿಯದಿದ್ದರೂ ಚಿಂತೆಯಿಲ್ಲ, ಮನೆಯ ಮಕ್ಕಳಿಗೆ ಆ ಟ್ಯಾಬ್ ಗುಂಡಿಯನ್ನು ಇಂದೇ ತೋರಿಸಿಕೊಡಿ.

ಇನ್ನು ಹುಡುಗಿಯ ಪ್ರಶ್ನೆಗೆ ಬರೋಣ. ಅಮೆರಿಕದ ಡಗ್ಲಸ್ ಎಂಗೆಲ್‌ಬಾರ್ಟ್ ಮತ್ತು ಸಂಗಡಿಗರು 1964ರಲ್ಲಿ ಮೊದಲ ಮೌಸನ್ನು ಮರದ ಪೆಟ್ಟಿಗೆಯಲ್ಲಿ ಮಾಡಿದಾಗ ಅದಕ್ಕೊಂದು ತಂತಿಯಿತ್ತು. ತಂತಿ ಬಾಲದಂತೆ ಕಂಡುದರಿಂದಲೇ ಇಲಿಯೆಂಬ ಹೆಸರು ಬಂದುದು. ಆ ಬಾಲದ ಮೂಲಕವೇ ಅದಕ್ಕೆ ಆಹಾರ. ಈಗಿನ ಯು.ಎಸ್.ಬಿ. ತಂತಿಯೂ 5 ವೋಲ್ಟಿನ ವಿದ್ಯುತ್ತನ್ನು ಕಂಪ್ಯೂಟರಿನಿಂದ ಒಯ್ಯುತ್ತದೆ. ಕಂಪ್ಯೂಟರು ಬದುಕಿರುವ ತನಕ ಮೌಸೂ ಬದುಕಿರುತ್ತದೆ. ಬಾಲ ಕತ್ತರಿಸಿದಂದಿನಿಂದ ಅದು ಬುತ್ತಿ ಕಟ್ಟಿಕೊಂಡು ತಿರುಗಬೇಕಾಯಿತು. ಬುತ್ತಿ ಎಷ್ಟು ಉಳಿದಿದೆಯೆಂದು ಹೇಳುವ ಬಾಯಿಯನ್ನು ಎಲ್ಲ ಮೌಸುಗಳಿಗೂ ಇಟ್ಟಿಲ್ಲವೆಂಬುದೇ ನಮ್ಮ ತಕರಾರು.

ಪೇಟೆಯಲ್ಲಿ ಅತಿ ಅಗ್ಗದಲ್ಲಿ ಸಿಗುವ ಮೌಸುಗಳಲ್ಲಿ ಹೆಚ್ಚಿನವು ಮೂಕ ಜಾತಿಯವು. ಕಂಪ್ಯೂಟರಿಗೆ ಚುಚ್ಚುವ ಗುಬ್ಬಿಯಷ್ಟು ಗಾತ್ರದ ತುಂಡು, ತಾನೊಂದು ಸಾಧಾರಣ ತಂತಿಯ ಮೌಸೆಂದೇ ಕಂಪ್ಯೂಟರನ್ನು ನಂಬಿಸುತ್ತದೆ. ಎಡಕ್ಕೆ ಹೋದೆ, ಬಲಕ್ಕೆ ಹೋದೆ, ಗುಂಡಿ ಒತ್ತಿದರು ಎಂಬ ಸುದ್ದಿಗಳನ್ನಷ್ಟೇ ಅದು ದಾಟಿಸುವುದು. ಸೆಲ್ಲಿನ ಸುದ್ದಿ ಅದರ ವರದಿಯಲ್ಲೇ ಇಲ್ಲ. ಇಂಥದ್ದರ ಮುಂದೆ ಯಾವ ತಂತ್ರಾಂಶವನ್ನು ಕೂರಿಸಿದರೂ ಉಪಯೋಗವಿಲ್ಲ. ಗುಮ್ಮಳಾಪುರದ ಮೌಸು ಈ ಜಾತಿಯದು.

ಇನ್ನೊಂದು ಜಾತಿಯವು ಬ್ಲೂಟೂತಿನವು. 2010ರಲ್ಲಿ ಬ್ಲೂಟೂತಿನ 4.0 ಆವೃತ್ತಿ ಬಂದ ಬಳಿಕ ಅದರ ಕಡಿಮೆ ವಿದ್ಯುತ್ತಿನ ಬಗೆಯಲ್ಲಿ ಬ್ಯಾಟರಿಗಾಗಿಯೇ ಒಂದು ಸಾರ್ವಜನಿಕ ಪದ್ಧತಿ ಏರ್ಪಟ್ಟಿತು. ಸೊನ್ನೆಯಿಂದ ನೂರರೊಳಗಿನ ಒಂದು ಸಂಖ್ಯೆ, ಅಷ್ಟೆ. ಯಾರು ಕೇಳಿದರೂ ಅದೇ ಉತ್ತರ; ವಿಂಡೋಸ್ ಕೇಳಿದರೂ ಲಿನಕ್ಸ್ ಕೇಳಿದರೂ ಭೇದವಿಲ್ಲ. ಎಲ್ಲ ಮೌಸುಗಳೂ ಇಂತಿದ್ದಿದ್ದರೆ ಈ ಲೇಖನವನ್ನು ನಾವು ಬರೆಯುತ್ತಿರಲಿಲ್ಲ.

ಇವೆರಡರ ನಡುವೆ ಮೂರನೆಯದೊಂದಿದೆ. ಅವು ಮಾತನಾಡುತ್ತವೆ, ಆದರೆ ತಯಾರಿಸಿದವರ ಮನೆಮಾತಿನಲ್ಲಿ. ಲಾಜಿಟೆಕ್ ಸಂಸ್ಥೆಯ ಮೌಸುಗಳು ಎಚ್.ಐ.ಡಿ. ಪ್ಲಸ್ ಪ್ಲಸ್ ಎಂಬ ಸಂಕೇತಭಾಷೆಯಲ್ಲಿ ಸೆಲ್ಲಿನ ಮಟ್ಟವನ್ನು ತಿಳಿಸುತ್ತವೆ. ಆ ಭಾಷೆಯನ್ನರಿತ ಸಂಸ್ಥೆಯ ತಂತ್ರಾಂಶ ವಿಂಡೋಸಿಗೂ ಮ್ಯಾಕಿಗೂ ಸಿಗುತ್ತದೆ. ಲಿನಕ್ಸಿಗೆ ಅಂಥದ್ದು ಬರಲಿಲ್ಲ. ಮೇಜಿನ ಕಂಪ್ಯೂಟರುಗಳಲ್ಲಿ ಲಿನಕ್ಸನ್ನು ಬಳಸುವವರು ಅಲ್ಪಸಂಖ್ಯಾತರು. ಬೇಡಿಕೆ ಕಡಿಮೆಯಿರುವಲ್ಲಿ ವ್ಯಾಪಾರಿಯ ಗಮನವೂ ಕಡಿಮೆ.

ನೀವು ಕೆಲವರೇ, ನಿಮಗಾಗಿ ಬೇರೆ ನಮೂನೆ ಅಚ್ಚು ಹಾಕಿಸಲಾಗದು ಎಂಬ ಉತ್ತರವನ್ನು ಕಚೇರಿಗಳ ಕಿಟಕಿಯಲ್ಲಿ ನಿಂತು ಕೇಳಿದ ನಮಗೆ ಈ ತರ್ಕದ ಧಾಟಿ ಪರಿಚಿತವೇ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣದ ಸೌಕರ್ಯ ಒದಗಿಸಬೇಕೆಂದು ಹೇಳಲು ಸಂವಿಧಾನದ 350ಎ ವಿಧಿಯಾದರೂ ಇದೆ. ಲಿನಕ್ಸ್ ಬಳಸುವ ಅಲ್ಪಸಂಖ್ಯಾತನಿಗೆ ಯಾವ ವಿಧಿಯೂ ಇಲ್ಲ. ಆತನಿಗೆ ಇದ್ದುದು ಸ್ವಂತ ಸಾಹಸ ಮಾತ್ರ, ಆ ಸಾಹಸ ವ್ಯರ್ಥವಾಗಲಿಲ್ಲ. 2012ರಲ್ಲಿ ಡೇನಿಯಲ್ ಪಾವೆಲ್ ಎಂಬವರು ಸೋಲಾರ್ ಎಂಬ ಸ್ವತಂತ್ರ ತಂತ್ರಾಂಶವನ್ನು ಆರಂಭಿಸಿದರು. ಮೌಸಿಗೂ ಕಂಪ್ಯೂಟರಿಗೂ ನಡುವೆ ಹರಿಯುವ ಸಂಕೇತಗಳನ್ನು ಆಲಿಸಿ, ಹೊರಬಂದ ದಾಖಲೆಗಳನ್ನು ಓದಿ, ಹಲವರು ಕೂಡಿ ಅದನ್ನು ಬೆಳೆಸಿದರು. ಲಿನಕ್ಸಿನ ಒಳತಿರುಳಿನಲ್ಲಿಯೂ ಈ ಭಾಷೆಯನ್ನು ಅರಿಯುವ ಭಾಗ ಸೇರಿತು. ಬೇರೊಬ್ಬರ ಮನೆಮಾತನ್ನು ಬಾಗಿಲ ಹೊರಗೆ ನಿಂತು ಕಲಿತುಕೊಂಡ ಈ ಜನರ ಬಗೆಗೆ ಗಡಿನಾಡಿನವರಾದ ನಮಗೆ ಸಹಜವಾಗಿಯೇ ಅಕ್ಕರೆ.

ಲಿನಕ್ಸೆಂಬುದು ಎಲ್ಲೋ ಇರುವ ಪಂಡಿತರ ಸೊತ್ತೆಂದು ತಿಳಿಯಬಾರದು. ನಮ್ಮ ಕಾಸರಗೋಡಿನ ಸರಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಹೋಗುವ ಮಕ್ಕಳು ಕಂಪ್ಯೂಟರ್ ಕಲಿಯುವುದು ಅದರಲ್ಲೇ. ಕೇರಳದಲ್ಲಿ 2001ರಲ್ಲಿ ಐ.ಟಿ. ಅಟ್ ಸ್ಕೂಲ್ ಎಂದು ಆರಂಭವಾಗಿ ಬಳಿಕ ಕೈಟ್ ಎಂದಾದ ಸಂಸ್ಥೆ, ಶಾಲೆಗಳಿಗೆಂದೇ ಲಿನಕ್ಸನ್ನು ಸಿದ್ಧಪಡಿಸಿ ಕೊಡುತ್ತದೆ. 2018ರಲ್ಲಿ ಮೊದಲಾದ ಹೈಟೆಕ್ ಶಾಲೆಗಳ ಯೋಜನೆಯಲ್ಲಿ 8ರಿಂದ 12ನೆಯ ತರಗತಿಗಳ 45,000 ಕೊಠಡಿಗಳಿಗೆ ಲ್ಯಾಪ್‌ಟಾಪು, ಪ್ರೊಜೆಕ್ಟರುಗಳು ಬಂದುವು. ಎಸ್.ಎಸ್.ಎಲ್.ಸಿ.ಯ ಐ.ಟಿ. ಪ್ರಾಯೋಗಿಕ ಪರೀಕ್ಷೆಗೂ ಮಕ್ಕಳು ಕುಳಿತುಕೊಳ್ಳುವುದು ಇದೇ ಯಂತ್ರಗಳ ಮುಂದೆ. ಅತ್ತ ತಮಿಳುನಾಡು 2011ರಿಂದ ವಿದ್ಯಾರ್ಥಿಗಳಿಗೆ ಉಚಿತವಾಗಿ ಕೊಟ್ಟ ಲ್ಯಾಪ್‌ಟಾಪುಗಳಲ್ಲಿ ಅನೇಕವು ವಿಂಡೋಸಿನ ಜತೆಗೆ, ಸಿ-ಡ್ಯಾಕ್ ಸಂಸ್ಥೆ ಚೆನ್ನೈಯಲ್ಲಿ ರೂಪಿಸಿದ ಬಾಸ್ ಲಿನಕ್ಸನ್ನೂ ಹೊತ್ತು ಬಂದುವು. ಮೇಷ್ಟರ ಮೊಮ್ಮಗನಿಗೆ ಸಿಕ್ಕಿದ್ದು ಅಂಥದೊಂದು. ಹಳೆಯ ಯಂತ್ರದಲ್ಲಿ ವಿಂಡೋಸ್ ತೆವಳತೊಡಗಿದಾಗ ಹುಡುಗ ಅದನ್ನು ತೆಗೆದು ಲಿನಕ್ಸನ್ನಷ್ಟೇ ಉಳಿಸಿಕೊಂಡಿದ್ದ. ಬಡವರ ಮನೆಯ ಹಳೆಯ ಯಂತ್ರಕ್ಕೆ ಮರುಜೀವ ಕೊಡುವುದು ಲಿನಕ್ಸೇ ಆಗಿರುವಾಗ, ಅದರೊಡನೆ ಮಾತು ಬಿಟ್ಟ ಮೌಸುಗಳ ತೊಂದರೆ ಯಾರ ಮೇಲೆ ಬೀಳುತ್ತದೆಂಬುದನ್ನು ವಾಚಕರೇ ಊಹಿಸಬಹುದು.

ಹಾಗಾದರೆ ಲಿನಕ್ಸಿನಲ್ಲಿ ಸೆಲ್ಲಿನ ಮಟ್ಟವನ್ನು ನೋಡುವುದು ಹೇಗೆ? ಇದೇನೂ ಬ್ರಹ್ಮವಿದ್ಯೆಯಲ್ಲ. ಪರದೆಯಲ್ಲಿ ಸೆಟ್ಟಿಂಗ್ಸ್ ತೆರೆದು ಪವರ್ ಎಂಬ ಪುಟಕ್ಕೆ ಹೋದರೆ, ಲ್ಯಾಪ್‌ಟಾಪಿನ ಬ್ಯಾಟರಿಯ ಕೆಳಗೆ ಮೌಸಿನ ಹೆಸರೂ ಮಟ್ಟವೂ ಕಾಣಿಸಿದರೆ ನಿಮ್ಮದು ಮಾತನಾಡುವ ಜಾತಿ. ಇದರ ಹಿಂದೆ ದುಡಿಯುವುದು ಯುಪವರ್ ಎಂಬ ಸೇವಕ. ಆಜ್ಞೆ ಬರೆಯುವ ಕಪ್ಪು ಕಿಟಕಿಯಲ್ಲಿ ಆ ಹೆಸರನ್ನೇ ಬರೆದು, ಒಂದು ತೆರಪು ಬಿಟ್ಟು, ಎರಡು ಅಡ್ಡಗೆರೆಗಳ ಬಳಿಕ ಡಂಪ್ ಎಂದು ಸೇರಿಸಿದರೆ ತನಗೆ ಗೊತ್ತಿರುವ ಎಲ್ಲ ಬ್ಯಾಟರಿಗಳ ಜಾತಕವನ್ನು ಅದು ಮುಂದಿಡುತ್ತದೆ. ಇನ್ನೂ ಬುಡಕ್ಕೆ ಹೋಗಬೇಕೆನ್ನುವವರು ಸಿಸ್ ಎಂಬ ಕೋಶದೊಳಗಿನ ಕ್ಲಾಸ್, ಅದರೊಳಗಿನ ಪವರ್ ಸಪ್ಲೈ ಎಂಬ ಕೋಶವನ್ನು ತೆರೆಯಬೇಕು. ಯುನಿಕ್ಸ್ ವಂಶದ ವ್ಯವಸ್ಥೆಗಳಲ್ಲಿ ಸಕಲವನ್ನೂ ಕಡತವೆಂಬಂತೆ ಕಾಣುವ ಸಂಪ್ರದಾಯವಿದೆ. ಮೌಸಿನ ಸೆಲ್ಲೂ ಅಲ್ಲೊಂದು ಕಡತಕೋಶ. ಅದರೊಳಗೆ ಕೆಪ್ಯಾಸಿಟಿ ಎಂಬ ಕಡತದಲ್ಲಿ ನೂರರಲ್ಲಿ ಎಷ್ಟೆಂಬ ಅಂಕಿ. ಗುಮಾಸ್ತರನ್ನು ಓಲೈಸದೆ ಯಾರೂ ತೆರೆದು ಓದಬಹುದಾದ ಕಡತ! ಇಂಥ ಕಚೇರಿಯನ್ನು ನಾವು ಬೇರೆಲ್ಲೂ ಕಂಡಿಲ್ಲ.

ಆದರೆ ಆ ಅಂಕಿಯನ್ನು ವೇದವಾಕ್ಯವೆಂದು ನಂಬಿದರೆ ಮತ್ತೆ ಮೋಸ. ಮೌಸಿನೊಳಗೆ ಸೆಲ್ಲಿನ ತೂಕ ನೋಡುವ ತಕ್ಕಡಿ ಇಲ್ಲ. ಅದು ಅಳೆಯುವುದು ವೋಲ್ಟನ್ನು. ಸಾಧಾರಣ ಆಲ್ಕಲೈನ್ ಪೆನ್ಸಿಲ್ ಸೆಲ್ ಹೊಸದಿರುವಾಗ ಸುಮಾರು 1.5 ವೋಲ್ಟ್ ಇದ್ದು ಮೆಲ್ಲಮೆಲ್ಲನೆ ಇಳಿಯುತ್ತ ಒಂದು ವೋಲ್ಟಿನ ಆಸುಪಾಸಿಗೆ ಬಂದಾಗ ಅದರ ಕಥೆ ಮುಗಿಯುತ್ತ ಬಂತು. ಈ ಇಳಿಜಾರನ್ನು ಲೆಕ್ಕಹಾಕಿ ಇಷ್ಟು ವೋಲ್ಟಿಗೆ ಇಷ್ಟು ಪಾಲು ಎಂದು ಅಂದಾಜು ಮಾಡಬಹುದು. ಮತ್ತೆ ಮತ್ತೆ ಚಾರ್ಜು ಮಾಡುವ ನಿಕ್ಕೆಲಿನ ಸೆಲ್ಲಿನ ಗುಣವೇ ಬೇರೆ. ಅದು 1.2 ವೋಲ್ಟಿನಲ್ಲಿ ಬಹುಕಾಲ ಅಲುಗಾಡದೆ ನಿಂತು, ಕೊನೆಯಲ್ಲಿ ಬಾವಿಗೆ ಬಿದ್ದಂತೆ ಒಮ್ಮೆಲೇ ಇಳಿದುಬಿಡುತ್ತದೆ. ಆಲ್ಕಲೈನಿಗೆಂದು ಬರೆದ ಲೆಕ್ಕದಿಂದ ಇದನ್ನು ಅಳೆದರೆ ಮೊದಲ ದಿನವೇ ಅರ್ಧ ಖಾಲಿಯೆಂದು ತೋರಿಸಿ, ವಾರಗಟ್ಟಲೆ ಅಲ್ಲೇ ನಿಂತು, ಮುನ್ಸೂಚನೆಯಿಲ್ಲದೆ ಸೊನ್ನೆಗಿಳಿಯಬಹುದು. ಮೇಲಾಗಿ ಮೌಸು ಬಿಡುವಿನಲ್ಲಿ ನಿದ್ರಿಸುತ್ತದೆ; ನಿದ್ರಿಸುವಾಗ ಹೊಸ ವರದಿಯಿಲ್ಲ. ಆಗ ನೀವು ಕಾಣುವುದು ಹಳೆಯ ಅಂಕಿಯಾಗಿರಬಹುದು.

ಕೆಲವು ಮೌಸುಗಳು ಅಂಕಿಯನ್ನೇ ಕೊಡದೆ ತುಂಬಿದೆ, ಸಾಧಾರಣ, ಕಡಿಮೆ, ತೀರ ಕಡಿಮೆ ಎಂದಷ್ಟೇ ಹೇಳುತ್ತವೆ. ಅವುಗಳ ವಿಷಯದಲ್ಲಿ ಯುಪವರ್ ಒಂದು ಅಂದಾಜಿನ ಅಂಕಿ ಹಾಕಿ, ಪಕ್ಕದಲ್ಲೇ ಕಂಸದೊಳಗೆ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ ಎಂಬರ್ಥದ ಮಾತನ್ನು ಇಂಗ್ಲಿಷಿನಲ್ಲಿ ಬರೆಯುತ್ತದೆ. ತಾನು ಬರೆದ ಅಂಕಿಯನ್ನು ತಾನೇ ನಂಬಬೇಡಿರೆನ್ನುವ ಈ ಪ್ರಾಮಾಣಿಕತೆಯನ್ನು ನಾವು ಮೆಚ್ಚಿದ್ದೇವೆ. ಸರಕಾರಿ ಅಂಕಿ-ಅಂಶಗಳ ಪಕ್ಕದಲ್ಲೂ ಇಂಥ ಕಂಸಗಳಿದ್ದರೆ ಪತ್ರಿಕೆಯವರ ಕೆಲಸ ಅರ್ಧ ಕಡಿಮೆಯಾಗುತ್ತಿತ್ತು.

ಈಗ ನಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ. ಶಾಲೆ, ಗ್ರಂಥಾಲಯ, ಅಕ್ಷಯ ಕೇಂದ್ರಗಳಲ್ಲಿ ಪರೀಕ್ಷೆಗೂ ಅರ್ಜಿಗೂ ಬಳಕೆಯಾಗುವ ಯಂತ್ರಗಳಿಗೆ ಬಾಲವಿರುವ ಮೌಸೇ ಇರಲಿ. ಅಗ್ಗವೂ ಹೌದು, ಸೆಲ್ಲಿನ ಖರ್ಚೂ ಇಲ್ಲ. ತರಗತಿಯಲ್ಲಿ ಓಡಾಡುತ್ತ ಪಾಠ ಮಾಡುವ ಅಧ್ಯಾಪಕರಿಗೆ ತಂತಿಯಿಲ್ಲದ್ದು ಬೇಕೆಂದಾದರೆ ಬೇಡವೆನ್ನುವವರು ನಾವಲ್ಲ. ಆದರೆ ಖರೀದಿಯ ಷರತ್ತುಗಳಲ್ಲಿ ಒಂದು ಸಾಲು ಹೆಚ್ಚು ಬರೆಯಲಿ: ಸೆಲ್ಲಿನ ಮಟ್ಟವನ್ನು ಯಾವ ವ್ಯವಸ್ಥೆ ಕೇಳಿದರೂ ಬಹಿರಂಗ ಪದ್ಧತಿಯಲ್ಲಿ ಹೇಳುವಂಥದ್ದಾಗಿರಬೇಕು ಎಂದು. ಸಾವಿರಗಟ್ಟಲೆ ಕೊಳ್ಳುವ ಸರಕಾರ ಒಂದು ಮಾತು ಕೇಳಿದರೆ ತಯಾರಕರು ಕಿವಿಗೊಡುತ್ತಾರೆ. ಒಂದು ಮೌಸು ಕೊಳ್ಳುವ ನಾವು ನೀವು ಕೇಳಿದರೆ ಅಂಗಡಿಯವನು ನಗುತ್ತಾನೆ. ಆದರೂ ಕೇಳಬೇಕು. ಇದು ಲಿನಕ್ಸಿಗೆ ಸೆಲ್ಲಿನ ಮಟ್ಟ ಹೇಳುತ್ತದೆಯೇ ಎಂದು ಹತ್ತು ಗಿರಾಕಿಗಳು ಕೇಳಿದರೆ ಹನ್ನೊಂದನೆಯವನಿಗೆ ಅಂಗಡಿಯವನು ತಾನಾಗಿಯೇ ಹೇಳುತ್ತಾನೆ.

ಕನ್ನಡದ ಮಾತೂ ಇಲ್ಲಿ ಬಂದೇ ಬರುತ್ತದೆ. ಕನ್ನಡ ಲಿಪಿ 1991ರ ಮೊದಲ ಯುನಿಕೋಡಿನಲ್ಲಿಯೇ ಸ್ಥಾನ ಪಡೆದಿತ್ತು. ಲಿನಕ್ಸಿನ ಗ್ನೋಮ್, ಕೆ.ಡಿ.ಇ. ಪರದೆಗಳ ಮಾತುಗಳನ್ನು ಕನ್ನಡಕ್ಕೆ ತಂದ ಸ್ವಯಂಸೇವಕರಿದ್ದಾರೆ; ಆ ಕೆಲಸ ಪೂರ್ತಿಯಾಗಿಲ್ಲ. ಬ್ಯಾಟರಿ ಮುಗಿಯುತ್ತಿದೆ ಎಂಬ ಮಾತು ಓದುವವರ ಭಾಷೆಯಲ್ಲಿ ಬಾರದಿದ್ದರೆ ಎಚ್ಚರಿಕೆಯ ಅರ್ಧ ಬೆಲೆ ಹೋಯಿತು. ಕನ್ನಡ ಸಂಘಗಳು ರಾಜ್ಯೋತ್ಸವಕ್ಕೆ ಮಾಡುವ ಖರ್ಚಿನಲ್ಲಿ ಹತ್ತರಲ್ಲೊಂದು ಪಾಲನ್ನು ಈ ಅನುವಾದದ ಕಡೆಗೆ ತಿರುಗಿಸಿದರೆ ತಪ್ಪೇನಿಲ್ಲ. ಹಾರ ತುರಾಯಿಗಳಲ್ಲಿ ಸ್ವಲ್ಪ ಕಡಿಮೆಯಾದೀತು, ಅಷ್ಟೆ.

ಇತ್ತೀಚೆಗೆ ಮತ್ತೊಮ್ಮೆ ಗುಮ್ಮಳಾಪುರಕ್ಕೆ ಹೋಗುವ ಸಂದರ್ಭ ಒದಗಿತ್ತು. ಹುಡುಗಿ ಈಗ ಪದವಿಯ ಕೊನೆಯ ವರ್ಷದಲ್ಲಿದ್ದಾಳೆ. ಮರುವರ್ಷದಿಂದ ವಿದ್ಯಾರ್ಥಿವೇತನ ಬರುತ್ತಿದೆ. ಹೊಸೂರಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿರುವ ಅಣ್ಣ ಅವಳಿಗೆ ಮಾತನಾಡುವ ಜಾತಿಯ ಮೌಸು ತಂದುಕೊಟ್ಟಿದ್ದಾನೆ. ಹುಡುಗಿ ಹತ್ತು ನಿಮಿಷಕ್ಕೊಮ್ಮೆ ಕೆಪ್ಯಾಸಿಟಿಯ ಕಡತವನ್ನು ಓದುವ ನಾಲ್ಕೈದು ಸಾಲಿನ ಆಜ್ಞೆಯನ್ನು ತಾನೇ ಬರೆದಿಟ್ಟಿದ್ದಾಳೆ. ಚಾರ್ಜಿನ ಸೆಲ್ ಹಾಕಿ ಒಮ್ಮೆ ಮೋಸಹೋದ ಬಳಿಕ ಸಾಧಾರಣ ಸೆಲ್ಲನ್ನೇ ಹಾಕುತ್ತಾಳೆ. ಅಂಕಿ ಮೂವತ್ತಕ್ಕಿಳಿದಾಗಲೇ ಎಚ್ಚರಿಸುವಂತೆ ಮಾಡಿದ್ದಾಳೆ. ಮೇಜಿನ ಸೆಳೆಖಾನೆಯಲ್ಲಿ ಎರಡು ಹೊಸ ಸೆಲ್ಲುಗಳು, ಒಂದು ತಂತಿಯ ಮೌಸೂ ಕಂಡುವು.

“ಎಚ್ಚರಿಕೆ ಹೇಗೆ ಬರುತ್ತದೆ, ತೋರಿಸಮ್ಮ” ಎಂದೆವು. ಹುಡುಗಿ ಮೂವತ್ತರ ಜಾಗದಲ್ಲಿ ನೂರೆಂದು ತಿದ್ದಿ ನಡೆಸಿದಳು. ಪರದೆಯ ಮೇಲೆ ದಪ್ಪ ಕನ್ನಡ ಅಕ್ಷರಗಳಲ್ಲಿ ಮೂಡಿತು: “ಮೌಸ್ ಸೆಲ್ ಮುಗೀತಾ ಬಂತು. ತಾತನ ಗಡಿಯಾರ ಮುಟ್ಟಬೇಡಿ.”